ನೀರಂಚಿನ ಒಕ್ಕಲು

1799 ಎಂದರೆ ಶ್ರೀರಂಗಪಟ್ಟಣದ ಜನಕ್ಕೆ ಇವತ್ತಿಗೂ ಒಂದೇ ನೆನಪು. ಮೇ 4ರಂದು ಕೋಟೆ ಬಿತ್ತು, ಟಿಪ್ಪು ಸತ್ತ. ಅದೇ ವರ್ಷ ಜರ್ಮನಿಯಲ್ಲಿ ಯೋಹಾನ್ ಗಾಟ್ಲೊಬ್ ಶ್ನೈಡರ್ ಎಂಬ ವಿದ್ವಾಂಸ ಲ್ಯಾಟಿನ್ ಭಾಷೆಯಲ್ಲಿ ಒಂದು ಪುಸ್ತಕ ಅಚ್ಚು ಹಾಕಿಸಿದ. ಗ್ರೀಕ್ ಹಳೆಯ ಗ್ರಂಥಗಳನ್ನು ಸಂಪಾದಿಸುವುದು ಅವನ ಕಸುಬು. ಬಿಡುವಿನಲ್ಲಿ ಕಪ್ಪೆ, ಹಾವು, ಹಲ್ಲಿಗಳ ಅಧ್ಯಯನ. ಆ ಪುಸ್ತಕದಲ್ಲಿ ಭಾರತದಿಂದ ಹೋಗಿದ್ದ ಒಂದು ಸಾಧಾರಣ ಕಪ್ಪೆಗೆ ‘ರಾನಾ ಸಯನೋಫ್ಲಿಕ್ಟಿಸ್’ ಎಂದು ಹೆಸರಿಟ್ಟ. ಅದನ್ನು ಹಿಡಿದದ್ದು ತರಂಗಂಬಾಡಿಯಲ್ಲಿ ಎಂದು ವರ್ಗೀಕರಣ ತಜ್ಞರು ಗುರುತಿಸಿದ್ದಾರೆ. ಅಂದಿನ ಡೇನಿಷ್ ವಸಾಹತಾದ ಈ ಊರು ಇರುವುದು ಕಾವೇರಿ ಕಡಲು ಸೇರುವ ಬಯಲಿನಲ್ಲಿ. ನದಿಯ ಈ ತುದಿಯಲ್ಲಿ ಒಂದು ರಾಜ್ಯ ಮುಳುಗಿದ ವರ್ಷವೇ ಆ ತುದಿಯ ಕಪ್ಪೆಗೆ ನಾಮಕರಣವಾಯಿತು. ಕೋಟೆಯ ಕಂದಕದಲ್ಲಿ ಕೂತು ಫಿರಂಗಿ ಸದ್ದು ಕೇಳಿಸಿಕೊಂಡ ಕಪ್ಪೆಗಳಲ್ಲೂ ಈ ಜಾತಿಯದು ಇದ್ದೇ ಇದ್ದಿರಬೇಕು.

ಈಗ ಅದರ ಶಾಸ್ತ್ರೀಯ ಹೆಸರು ಯೂಫ್ಲಿಕ್ಟಿಸ್ ಸಯನೋಫ್ಲಿಕ್ಟಿಸ್. ಇಂಗ್ಲಿಷ್ ಪುಸ್ತಕಗಳಲ್ಲಿ ಸ್ಕಿಟರಿಂಗ್ ಫ್ರಾಗ್. ನಾವು ನೀರುಗಪ್ಪೆ ಎಂದರೆ ಸಾಕು. ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳ ಯಾವ ಕೆರೆಯಂಗಳಕ್ಕೆ ಇಳಿದರೂ ಮೊದಲು ಎದುರಾಗುವುದು ಇದೇ. ಎದುರಾಗುವುದು ಎನ್ನುವುದಕ್ಕಿಂತ ಎದುರಿನಿಂದ ಓಡಿಹೋಗುವುದು ಎಂದರೆ ಸರಿ. ದಡದಲ್ಲಿ ಹೆಜ್ಜೆ ಇಡುತ್ತಿದ್ದಂತೆ ಎಡಕ್ಕೊಂದು ಬಲಕ್ಕೊಂದು ‘ಪಿಚಕ್, ಪಿಚಕ್’ ಎಂದು ಹಾರುತ್ತವೆ. ಹುಡುಗರು ಬೀಸಿದ ಚಪ್ಪಟೆ ಕಲ್ಲು ನೀರ ಮೇಲೆ ಪುಟಿದುಕೊಂಡು ಹೋಗುವ ಹಾಗೆ ನಾಲ್ಕಾರು ನೆಗೆತ ನೆಗೆದು, ಕೊನೆಗೆ ಪಾಚಿಯ ನಡುವೆ ಎರಡು ಕಣ್ಣು ಮಾತ್ರ ಹೊರಗಿಟ್ಟು ನಿಲ್ಲುತ್ತವೆ.

ನೆಲದ ಮೇಲೆ ಕೂತ ಕಪ್ಪೆ ಹಾರುವುದು ಸುಲಭ, ಒದೆಯಲು ಗಟ್ಟಿ ನೆಲವಿದೆ. ನೀರಿನಲ್ಲಿ ತೇಲುತ್ತಿರುವ ಕಪ್ಪೆ ಅಲ್ಲಿಂದಲೇ ಗಾಳಿಗೆ ಜಿಗಿಯುವುದು ಬೇರೆಯದೇ ವಿದ್ಯೆ. ಹಿಂಗಾಲಿನ ಬೆರಳುಗಳ ತುದಿಯವರೆಗೂ ಚಾಚಿಕೊಂಡ ಜಾಲಪಾದ, ಉದ್ದವಾದ ಮಾಂಸಲ ತೊಡೆ, ಹಗುರ ಮೈ ಮೂರೂ ಕೂಡಿ ಇದನ್ನು ಸಾಧಿಸುತ್ತವೆ. ಇದನ್ನು ನೋಡಿದವರು ಕಪ್ಪೆ ನೀರಿನ ಮೇಲೆ ಓಡುತ್ತದೆ ಎನ್ನುವುದುಂಟು. ಆದರೆ ಕಣ್ಣನ್ನು ಪೂರ್ತಿ ನಂಬುವಂತಿಲ್ಲ. ಅಮೆರಿಕದಲ್ಲೂ ಹೀಗೆ ನೀರ ಮೇಲೆ ಕುಪ್ಪಳಿಸುತ್ತದೆಂದು ಹೆಸರಾದ ಕ್ರಿಕೆಟ್ ಕಪ್ಪೆ ಎಂಬ ಪುಟ್ಟ ಜಾತಿಯೊಂದಿದೆ. ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದವರು ಅದನ್ನು ವೇಗದ ಕ್ಯಾಮೆರಾದಲ್ಲಿ ಸೆರೆಹಿಡಿದು 2024ರಲ್ಲಿ ಪ್ರಕಟಿಸಿದರು. ನಿಧಾನವಾಗಿ ಓಡಿಸಿ ನೋಡಿದರೆ ಆ ಕಪ್ಪೆ ಪ್ರತಿ ನೆಗೆತಕ್ಕೂ ಪೂರ್ತಿ ಮುಳುಗಿ, ನೀರೊಳಗಿಂದಲೇ ಒದ್ದು ಮೇಲೆ ಬರುತ್ತಿತ್ತು. ಕಣ್ಣಿಗೆ ಓಟವೆಂದು ಕಂಡದ್ದು ಮುಳುಗಿ ಏಳುವ ಸರಣಿ.

ನೋಡಲು ನೀರುಗಪ್ಪೆ ಅಂಥ ಚೆಲುವೇನಲ್ಲ. ಬೂದು ಕಂದು ಅಥವಾ ಮಾಸಲು ಹಸಿರು ಬೆನ್ನು, ಮೇಲೆ ಕಪ್ಪು ಮಚ್ಚೆ, ಸಣ್ಣ ಸಣ್ಣ ಗುಳ್ಳೆ, ಹೊಟ್ಟೆ ಬಿಳುಪು. ಹೆಣ್ಣು ದೊಡ್ಡದು, ಸುಮಾರು 6 ಸೆಂಟಿಮೀಟರ್ ಬೆಳೆಯುತ್ತದೆ. ಗಂಡು ಅದಕ್ಕಿಂತ ಚಿಕ್ಕದು. ಗಂಡಿಗೆ ಗಂಟಲಿನ ಎರಡು ಪಕ್ಕದಲ್ಲೂ ಒಂದೊಂದು ಕಪ್ಪು ಧ್ವನಿಚೀಲ. ಕಣ್ಣು, ಮೂಗಿನ ಹೊಳ್ಳೆ ಎರಡೂ ತಲೆಯ ನೆತ್ತಿಗೆ ಸರಿದಿರುವುದರಿಂದ ಮೈಯೆಲ್ಲ ಮುಳುಗಿಸಿಕೊಂಡೂ ಉಸಿರಾಡಬಹುದು, ಕಾವಲು ಕಾಯಬಹುದು. ಇನ್ನೊಂದು ವಿಶೇಷ ಹೊರಗಿನಿಂದ ಕಾಣುವುದಿಲ್ಲ. ಮೀನಿಗೂ ಗೊದಮೊಟ್ಟೆಗೂ ಮೈಯ ಪಕ್ಕದಲ್ಲಿ ನೀರಿನ ಕಂಪನ ಗ್ರಹಿಸುವ ಅಂಗಗಳ ಸಾಲು ಇರುತ್ತದೆ. ಬಹುಪಾಲು ಕಪ್ಪೆಗಳು ಬೆಳೆದು ನೆಲಕ್ಕೆ ಬರುವಾಗ ಅದನ್ನು ಕಳೆದುಕೊಳ್ಳುತ್ತವೆ. ಯೂಫ್ಲಿಕ್ಟಿಸ್ ಕುಲದವು ಪ್ರಾಯಕ್ಕೆ ಬಂದ ಮೇಲೂ ಉಳಿಸಿಕೊಂಡಿವೆ. ನೆಲಕ್ಕೆ ಬಂದರೂ ನೀರನ್ನು ಬಿಟ್ಟುಕೊಟ್ಟಿಲ್ಲ.

ಹಾಗೆಂದು ನೀರು ತುಂಬಿದ ಜಾಗವೆಲ್ಲ ಇದರ ಮನೆ ಎಂದುಕೊಂಡರೆ ತಪ್ಪು. ಕೃಷ್ಣರಾಜಸಾಗರ ತುಂಬಿ 124.80 ಅಡಿ ಮುಟ್ಟಿದ ದಿನ ಮಂಡ್ಯ ಜಿಲ್ಲೆಗೆ ಹಬ್ಬ. ಕಪ್ಪೆಗೆ ಆ ನಡುನೀರು ನಿರುಪಯೋಗಿ. ಅದಕ್ಕೆ ಬೇಕಾದದ್ದು ಅಂಚು: ಪಾದ ಮುಳುಗುವುದರಿಂದ ಮೊಣಕಾಲು ಮುಳುಗುವವರೆಗಿನ ನೀರು, ಓರೆಯಾಗಿ ಇಳಿಯುವ ಕೆಸರು ದಡ, ಜೊಂಡು, ಪಾಚಿ. ಬಿಸಿಲು ತಳದವರೆಗೂ ಇಳಿಯುವ ಈ ಪಟ್ಟಿಯಲ್ಲೇ ಪಾಚಿ ಬೆಳೆಯುವುದು, ಪಾಚಿ ತಿನ್ನುವ ಗೊದಮೊಟ್ಟೆ ಬೆಳೆಯುವುದು, ಹುಳುಹುಪ್ಪಟೆ ಕೂರುವುದು. ಇಲ್ಲಿ ಕೂತ ಕಪ್ಪೆಗೆ ಎರಡು ಬಾಗಿಲು. ದಡದಿಂದ ಬಕಪಕ್ಷಿಯೋ ಬೆಕ್ಕೋ ಬಂದರೆ ನೀರಿಗೆ, ನೀರಿನಿಂದ ಕೊರವ ಮೀನು ಬಂದರೆ ದಡಕ್ಕೆ. ನೀರೊಳ್ಳೆ ಹಾವು ಬಂದರೆ ಮಾತ್ರ ಕಷ್ಟ. ಅದಕ್ಕೆ ಎರಡು ಬಾಗಿಲಿನ ದಾರಿಯೂ ಗೊತ್ತು.

ಈ ಅಂಚು ನಾಲ್ಕು ತಾಲ್ಲೂಕುಗಳಲ್ಲೂ ಒಂದೇ ಬಗೆಯಲ್ಲಿಲ್ಲ. ಶ್ರೀರಂಗಪಟ್ಟಣದ್ದು ನಾಲೆಯ ನಾಡು. ಅಣೆಕಟ್ಟೆ ಕಟ್ಟಿ ಕಾವೇರಿಯನ್ನು ಗದ್ದೆಗೆ ತಿರುಗಿಸುವ ಕೆಲಸ ಇಲ್ಲಿ ಒಡೆಯರ ಕಾಲದಿಂದ ನಡೆದಿದೆ. ಬಂಗಾರದೊಡ್ಡಿ, ಚಿಕ್ಕದೇವರಾಜಸಾಗರ, ವಿರಿಜಾ ನಾಲೆಗಳಲ್ಲಿ ನೀರು ಹರಿದಷ್ಟೂ ದಿನ ಪಕ್ಕದ ಜವುಗಿನಲ್ಲಿ ನೀರುಗಪ್ಪೆ ನಿಶ್ಚಿಂತೆ. 1911ರಲ್ಲಿ ಶುರುವಾದ ಕನ್ನಂಬಾಡಿ ಕಟ್ಟೆಯ, ಅಂದರೆ ಕೃಷ್ಣರಾಜಸಾಗರದ, ಕೆಲಸ ಮುಗಿದು, ಆಗ ಇರ್ವಿನ್ ನಾಲೆ ಎನಿಸಿಕೊಂಡಿದ್ದ ಈಗಿನ ವಿಶ್ವೇಶ್ವರಯ್ಯ ನಾಲೆ ಹರಿದ ಮೇಲೆ ರಾಗಿ ಹೊಲಗಳು ಭತ್ತ, ಕಬ್ಬಿನ ಗದ್ದೆಗಳಾದವು. ರೈತರ ಬದುಕು ಬದಲಾದ ಕಥೆ ಎಲ್ಲರಿಗೂ ಗೊತ್ತು. ಮಳೆಗಾಲದ ಅತಿಥಿಯಾಗಿದ್ದ ಕಪ್ಪೆಗೆ ವರ್ಷದ ಬಹುಭಾಗ ಅಂಚು ಸಿಕ್ಕಿತು ಎನ್ನುವುದನ್ನು ಯಾರೂ ಲೆಕ್ಕಕ್ಕೆ ಹಿಡಿದಂತಿಲ್ಲ. ಸಲೀಂ ಅಲಿ ಒತ್ತಾಯದಿಂದ 1940ರಲ್ಲಿ ಪಕ್ಷಿಧಾಮವಾಗಿ, 2022ರಲ್ಲಿ ಜೌಗುನೆಲಗಳ ಅಂತಾರಾಷ್ಟ್ರೀಯ ರಾಮ್ಸಾರ್ ಪಟ್ಟಿ ಸೇರಿದ ರಂಗನತಿಟ್ಟಿಗೆ ಬರುವವರು ಕ್ಯಾಮೆರಾ ಎತ್ತುವುದು ಕೊಕ್ಕರೆಗಳ ಕಡೆಗೆ. ಅಲ್ಲಿನ ಇರುಳುಬಕಗಳು ಸಂಜೆ ಹೊತ್ತು ಹೊರಡುವುದು ಸುತ್ತಲ ಗದ್ದೆ, ಹಳ್ಳ, ಜವುಗಿನ ಕಡೆಗೆ. ಮೀನಿನ ಜತೆಗೆ ಕಪ್ಪೆಯೂ ಅವುಗಳ ಊಟ. ಪಕ್ಷಿಧಾಮದ ಅಡಿಗೆಮನೆ ಪಕ್ಷಿಧಾಮದ ಬೇಲಿಯ ಹೊರಗಿದೆ.

ಪಾಂಡವಪುರದಲ್ಲಿ ನಾಲೆಯೂ ಉಂಟು, ಹಳೆಯ ಕೆರೆಯೂ ಉಂಟು. ರಾಮಾನುಜಾಚಾರ್ಯರ ಹೆಸರಿನೊಂದಿಗೆ ಬೆಸೆದುಕೊಂಡ ತೊಣ್ಣೂರು ಕೆರೆ ಮೋತಿ ತಲಾಬ್ ಎಂದು ಕರೆಸಿಕೊಂಡದ್ದು ತಿಳಿನೀರಿಗಾಗಿ. ಕಲ್ಲು ಬೆಟ್ಟಗಳ ನಡುವೆ ಆಳವಾಗಿ ನಿಂತ ಆ ತಿಳಿನೀರು ಪ್ರವಾಸಿಗರಿಗೆ ಚೆಂದ. ಕಪ್ಪೆ ಹುಡುಕುವವರು ನೀರು ತೆಳುವಾಗುವ ಮೂಲೆಗೆ ನಡೆಯಬೇಕು. ಮೇಲುಕೋಟೆಯ ಕಲ್ಯಾಣಿ, ಅಕ್ಕತಂಗಿಯರ ಕೊಳಗಳದು ಇನ್ನೊಂದು ರೀತಿ. ಅಲ್ಲಿ ಕೆಸರು ದಡವಿಲ್ಲ, ಕಲ್ಲಿನ ಮೆಟ್ಟಿಲಿದೆ. ನೀರು ಎಷ್ಟೇ ಇಳಿಯಲಿ, ಏರಲಿ, ಯಾವುದೋ ಒಂದು ಮೆಟ್ಟಿಲು ಅರ್ಧ ಮುಳುಗಿಯೇ ಇರುತ್ತದೆ. ಸ್ನಾನಕ್ಕೆ ಇಳಿಯುವ ಭಕ್ತರಿಗಾಗಿ ಕಟ್ಟಿದ ಸೋಪಾನ ಕಪ್ಪೆಗೂ ಒದಗಿತು. ಹಳಬರ ಎಂಜಿನಿಯರಿಂಗ್‌ನಲ್ಲಿ ಇಂಥ ಪುಕ್ಕಟೆ ಲಾಭಗಳು ಬಹಳ.

ಪಾಂಡವಪುರದ ಮಾತು ಬಂದಾಗ ಒಂದು ಅಡ್ಡಮಾತು. ಹೈದರ್, ಟಿಪ್ಪು ಕಾಲದಲ್ಲಿ ಅವರ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದರಿಂದ ಹಿರೋಡೆ ಎಂಬ ಈ ಊರಿಗೆ ಫ್ರೆಂಚ್ ರಾಕ್ಸ್ ಎಂದು ಹೆಸರು ಬಿತ್ತು. ಕಪ್ಪೆ ಕಾಲಿನ ಖಾದ್ಯಕ್ಕೆ ಜಗತ್ತಿನಲ್ಲೇ ಹೆಸರಾದವರು ಸುತ್ತ ಗದ್ದೆ ಇರುವಲ್ಲಿ ಡೇರೆ ಹಾಕಿಕೊಂಡು ಏನು ತಿಂದರೋ ದಾಖಲೆಯಿಲ್ಲ. ಆದರೆ ಅದಾಗಿ ಸುಮಾರು ಎರಡು ಶತಮಾನದ ಮೇಲೆ ಭಾರತದ ಕಪ್ಪೆಗಳೇ ಯುರೋಪ್, ಅಮೆರಿಕದ ತಟ್ಟೆಗೆ ಹೋದವು. 1970–80ರ ದಶಕಗಳಲ್ಲಿ ಕಪ್ಪೆ ಕಾಲಿನ ರಫ್ತು ವರ್ಷಕ್ಕೆ ಸಾವಿರಾರು ಟನ್ ಇತ್ತು. ಮುಖ್ಯವಾಗಿ ಸಿಕ್ಕಿಬಿದ್ದದ್ದು ದೊಡ್ಡ ಗಾತ್ರದ ಗೂಳಿಕಪ್ಪೆ, ಅದರ ಜತೆಗೆ ನೀರುಗಪ್ಪೆಯ ನಂಟಿನ ಹಸಿರು ಕೊಳಗಪ್ಪೆ. 1985ರಲ್ಲಿ ಇವೆರಡೂ ಅಂತಾರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ಎರಡನೇ ಪಟ್ಟಿಗೆ ಸೇರಿದವು. 1987ರಲ್ಲಿ ಭಾರತ ರಫ್ತನ್ನೇ ನಿಷೇಧಿಸಿತು. ಚಿಕ್ಕ ತೊಡೆಯ ನೀರುಗಪ್ಪೆ ವ್ಯಾಪಾರಿಗಳ ಕಣ್ಣಿಗೆ ಅಷ್ಟಾಗಿ ಬೀಳಲಿಲ್ಲ. ಕಾಲೇಜುಗಳ ಕಣ್ಣಿಗೆ ಬಿತ್ತು. ಪಿಯುಸಿ, ಬಿ.ಎಸ್ಸಿ. ಪ್ರಯೋಗಾಲಯಗಳಲ್ಲಿ ಮೇಣದ ತಟ್ಟೆಯ ಮೇಲೆ ಅಂಗಾತ ಮಲಗಿ ಎಷ್ಟೋ ತಲೆಮಾರಿನ ವಿದ್ಯಾರ್ಥಿಗಳಿಗೆ ಹೃದಯ, ಶ್ವಾಸಕೋಶ ತೋರಿಸಿದ ಕಪ್ಪೆಗಳಲ್ಲಿ ಇದೂ ಇತ್ತು. ಯುಜಿಸಿ 2011ರಿಂದ ಹಂತ ಹಂತವಾಗಿ ಛೇದನವನ್ನು ನಿಲ್ಲಿಸಲು ಹೇಳಿದ ಮೇಲೆ ಆ ಕಾಟವೂ ತಗ್ಗಿತು.

ಕೆ.ಆರ್. ಪೇಟೆಯಲ್ಲಿ ಹೇಮಾವತಿಯ ಮಗ್ಗುಲು, ಮಂದಗೆರೆಯಂಥ ಅಣೆಯ ಅಚ್ಚುಕಟ್ಟು ಬಿಟ್ಟರೆ ಉಳಿದದ್ದು ಕೆರೆಕಟ್ಟೆಗಳ ಸೀಮೆ. ನಾಗಮಂಗಲವಂತೂ ಮಳೆಯನ್ನೇ ನಂಬಿದ ನೆಲ. ಮಳೆ ಇಲ್ಲಿ ಎರಡು ಕಂತಿನಲ್ಲಿ ಬರುತ್ತದೆ: ಭರಣಿ, ಕೃತ್ತಿಕೆಯ ಗುಡುಗು ಮಳೆ ಒಂದು, ಉತ್ತರೆ, ಹಸ್ತ, ಚಿತ್ತಾ ಮಳೆ ಇನ್ನೊಂದು. ನಡುವಿನ ಆಷಾಢ, ಶ್ರಾವಣದಲ್ಲಿ ಗಾಳಿ ಜಾಸ್ತಿ, ಹನಿ ಕಡಿಮೆ. ಹಸ್ತ ಮಳೆಗೆ ತುಂಬಿದ ಕೆರೆ ಯುಗಾದಿ ಹೊತ್ತಿಗೆ ತಳ ಕಾಣುವುದು ಇಲ್ಲಿ ಅಪರೂಪವಲ್ಲ. ಆಗ ನೀರುಗಪ್ಪೆ ಉಳಿದ ಗುಂಡಿಗೆ, ಬಾವಿಗೆ, ಒದ್ದೆಯಿರುವ ಕಲ್ಲುಸಂದಿಗೆ ಸರಿಯುತ್ತದೆ. ಮೊದಲ ದೊಡ್ಡ ಮಳೆ ಬಿದ್ದ ರಾತ್ರಿ ನೆಲದ ಮೇಲೆಯೇ ಹೊಸ ನೀರು ಹುಡುಕಿಕೊಂಡು ಹೊರಡುತ್ತದೆ. ನಿನ್ನೆ ಒಣಗಿದ್ದ ಕಟ್ಟೆಯಲ್ಲಿ ಇವತ್ತು ಕಪ್ಪೆ ಎಲ್ಲಿಂದ ಬಂತು ಎಂಬ ಮಕ್ಕಳ ಪ್ರಶ್ನೆಗೆ ಉತ್ತರ ಇದು. ಮಳೆಯ ಜತೆ ಆಕಾಶದಿಂದ ಬಿದ್ದದ್ದಲ್ಲ.

ಅದೇ ರಾತ್ರಿ ನೆಲದೊಳಗಿಂದ ಎದ್ದು ಬರುವ ಇನ್ನೊಬ್ಬನೂ ಇದ್ದಾನೆ. ಹಳ್ಳಿಗರು ಗೋಂಕರು ಕಪ್ಪೆ ಎನ್ನುವ ಗೂಳಿಕಪ್ಪೆ, ಹಾಪ್ಲೊಬಟ್ರಾಕಸ್ ಟೈಗರಿನಸ್. ಅಂಗೈ ಮೀರುವ ಗಾತ್ರ. ಹದಿನೈದು ಸೆಂಟಿಮೀಟರ್ ದಾಟುವುದೂ ಉಂಟು. ಬೇಸಿಗೆಯೆಲ್ಲ ಮಣ್ಣಿನಡಿ ಮಲಗಿದ್ದು, ಮಳೆ ಬಿದ್ದೊಡನೆ ಗಂಡುಗಳು ನಿಂಬೆಹಳದಿ ಬಣ್ಣಕ್ಕೆ ತಿರುಗಿ, ನೀಲಿ ಧ್ವನಿಚೀಲ ಉಬ್ಬಿಸಿ ಕೂಗುತ್ತವೆ. ಕೆಲವೇ ರಾತ್ರಿಗಳ ಅಬ್ಬರ, ಒಂದೊಂದು ಹೆಣ್ಣಿನಿಂದ ಸಾವಿರಾರು ಮೊಟ್ಟೆ, ಆಮೇಲೆ ಮೌನ. ಈ ಎರಡು ಕಪ್ಪೆಗಳ ಸಂತಾನ ಚಕ್ರವನ್ನು ವರ್ಷಗಟ್ಟಲೆ ಕೂತು ಬಿಡಿಸಿದ್ದು ಕರ್ನಾಟಕದವರೇ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಪ್ರೊ. ಎಸ್.ಕೆ. ಸೈದಾಪುರ ಮತ್ತು ಅವರ ಶಿಷ್ಯರು ತಿಂಗಳು ತಿಂಗಳೂ ಅಂಡಾಶಯವನ್ನು, ಮೈಯೊಳಗಿನ ಕೊಬ್ಬಿನ ಗಂಟುಗಳನ್ನು ಪರೀಕ್ಷಿಸಿದರು. ಗೂಳಿಕಪ್ಪೆ ವರ್ಷಕ್ಕೊಂದೇ ಸುಗ್ಗಿಯ ಬೇಸಾಯಗಾರ. ಮಳೆಗಾಲದಲ್ಲಿ ಮೊಟ್ಟೆಯಿಟ್ಟ ಮೇಲೆ ಕೊಬ್ಬು ಕೂಡಿಸಿ, ಮುಂದಿನ ವರ್ಷಕ್ಕೆ ಮೊಟ್ಟೆ ಬೆಳೆಸಿಕೊಳ್ಳುತ್ತದೆ. ನೀರುಗಪ್ಪೆಯ ಅಂಡಾಶಯದಲ್ಲಿ ಎಲ್ಲ ಕಾಲದಲ್ಲೂ ಒಂದಿಷ್ಟು ಮೊಟ್ಟೆ ಬಲಿಯುತ್ತಿರುತ್ತದೆ. ನೀರಿದ್ದರೆ ಯಾವ ತಿಂಗಳಾದರೂ ಸರಿ. ಅದರ ಕೂಗು ಹಾಡುಹಗಲೂ ಕೇಳುವುದುಂಟು. ಗೂಳಿಕಪ್ಪೆ ನಾಗಮಂಗಲದ ಮಳೆಗೆ ಹೇಳಿಮಾಡಿಸಿದ್ದು, ನೀರುಗಪ್ಪೆ ಶ್ರೀರಂಗಪಟ್ಟಣದ ನಾಲೆಗೆ. ಎರಡೂ ಎರಡು ಕಡೆಯೂ ಇವೆ ಎನ್ನುವುದು ಬೇರೆ ಮಾತು.

ಮೊಟ್ಟೆಯೊಡೆದು ಬಂದ ಗೊದಮೊಟ್ಟೆಯನ್ನು ಕಪ್ಪೆಯ ಮರಿ ಎನ್ನಲು ಮನಸ್ಸೇ ಬರುವುದಿಲ್ಲ. ನೀರುಗಪ್ಪೆಯ ಗೊದಮೊಟ್ಟೆ ಹೆಚ್ಚುಕಡಿಮೆ ಸಸ್ಯಾಹಾರಿ. ಪಾಚಿ ಕೆರೆದು ತಿನ್ನುತ್ತದೆ. ಸೊಪ್ಪುಸದೆ ಅರಗಲು ಉದ್ದ ಕರುಳು ಬೇಕು, ಅದಕ್ಕೇ ಹೊಟ್ಟೆಯೊಳಗೆ ಕರುಳು ಸುರುಳಿ ಸುರುಳಿಯಾಗಿರುತ್ತದೆ. ಥೈರಾಯ್ಡ್ ಹಾರ್ಮೋನು ಏರಿದಾಗ ಬಾಲ ಕರಗಿ, ಕಾಲು ಮೂಡಿ, ಬಾಯಿ ಅಗಲವಾಗಿ, ಕರುಳು ಕುಗ್ಗಿ ಮಾಂಸಾಹಾರಿ ಕಪ್ಪೆ ಹೊರಬರುತ್ತದೆ. ಥೈರಾಯ್ಡ್ ಗ್ರಂಥಿಯ ತುಣುಕು ತಿನ್ನಿಸಿದರೆ ಗೊದಮೊಟ್ಟೆ ಅವಧಿಗೆ ಮೊದಲೇ ಕಪ್ಪೆಯಾಗುತ್ತದೆ ಎಂದು ಗುಡೆರ್ನಾಚ್ ಎಂಬ ವಿಜ್ಞಾನಿ 1912ರಲ್ಲೇ ತೋರಿಸಿದ್ದ. ಬೆಳೆದ ಕಪ್ಪೆ ನುಂಗುವ ರೀತಿಯೂ ವಿಚಿತ್ರ. ಹುಳು ಬಾಯಿಗೆ ಬಿದ್ದೊಡನೆ ಕಣ್ಣು ಮುಚ್ಚುತ್ತದೆ. ರುಚಿಗೆ ಸೋತು ಅಲ್ಲ. ಕಣ್ಣುಗುಡ್ಡೆಗಳು ಒಳಕ್ಕಿಳಿದು ತುತ್ತನ್ನು ಗಂಟಲಿಗೆ ತಳ್ಳಲು ನೆರವಾಗುತ್ತವೆ. ಇದರ ನಂಟಿನ ಹಸಿರು ಕೊಳಗಪ್ಪೆಯಂತೂ ಕಪ್ಪೆಗಳ ಕುಲಾಚಾರವನ್ನೇ ಮುರಿದಿದೆ. ಇಂದ್ರನೀಲ್ ದಾಸ್ ತಮಿಳುನಾಡಿನಲ್ಲಿ ಅದರ ಹೊಟ್ಟೆ ಶೋಧಿಸಿ 1996ರಲ್ಲಿ ಬರೆದ ಪ್ರಕಾರ, ಬೆಳೆದ ಕಪ್ಪೆಯ ಆಹಾರದಲ್ಲಿ ಹೆಚ್ಚಿನ ಪಾಲು ಸೊಪ್ಪು.

ಕಣ್ಣೆದುರಿನ ಕೊಳದ ಕಪ್ಪೆಯ ಬಗ್ಗೆ ತಿಳಿಯುವುದೆಲ್ಲ ತಿಳಿದಾಗಿದೆ ಎಂಬ ಭಾವನೆ ವಿಜ್ಞಾನಿಗಳಲ್ಲೂ ಇತ್ತು. ಮೈಸೂರು ಸಂಸ್ಥಾನದ ಕಪ್ಪೆಗಳನ್ನು ಮೊದಲು ಶ್ರದ್ಧೆಯಿಂದ ಅರಸಿದವರು ಬೆಂಗಳೂರು ಸೆಂಟ್ರಲ್ ಕಾಲೇಜಿನ ಸಿ.ಆರ್. ನಾರಾಯಣರಾವ್. 1932ರಲ್ಲಿ ಶುರುವಾದ ‘ಕರೆಂಟ್ ಸೈನ್ಸ್’ ಪತ್ರಿಕೆಯ ಮೊದಲ ಸಂಪಾದಕರೂ ಅವರೇ. ಅವರ ಮೆಚ್ಚಿನ ಜಾಗ ಮಲೆನಾಡು. ಆಮೇಲೆ ಬಂದವರೂ ಆ ದಾರಿಯನ್ನೇ ಹಿಡಿದರು. ಬಯಲಿನ ಕೆರೆಗೆ ಟಾರ್ಚ್ ಹಿಡಿದು ಹೋದವರು ಕಡಿಮೆ. ಕೊಳದ ಕಪ್ಪೆಗಳನ್ನು ಮತ್ತೆ ನೋಡಿದಾಗ ಅಚ್ಚರಿ ಕಾದಿತ್ತು. ನೀರುಗಪ್ಪೆಯೆಂದೇ ಎಣಿಸಿದ್ದವುಗಳೊಳಗೆ 2009ರಲ್ಲಿ ಮೂಡಿಗೆರೆಯಿಂದ ಒಂದು, ಮಂಗಳೂರು ಕಡೆಯಿಂದ ಇನ್ನೊಂದು ಜಾತಿ ಬೇರೆಯಾದವು. 2016ರಲ್ಲಿ ಕುಮಟಾ ಕಡೆಯ ಕರಾವಳಿ ಗದ್ದೆಗಳಿಂದ ‘ಯೂಫ್ಲಿಕ್ಟಿಸ್ ಕರಾವಳಿ’ ಬಂತು. ಅದರ ಜಾಡು ಹಿಡಿದದ್ದು ಅರಣ್ಯ ಇಲಾಖೆಯ ಸಿ.ಆರ್. ನಾಯ್ಕ ಅವರ ಕಿವಿ. ಮಿಂಚುಳ್ಳಿಯ ದನಿಯಂತೆ ಕೇಳುವ ಕೂಗು ಹಕ್ಕಿಯದಲ್ಲ, ಕಪ್ಪೆಯದು ಎಂದು ಗುರುತಿಸಿದವರು ಅವರು. ಕೆ.ವಿ. ಗುರುರಾಜ ಮೊದಲಾದ ಸಂಶೋಧಕರು ಅದನ್ನು ಶಾಸ್ತ್ರಕ್ಕೆ ಸೇರಿಸಿದರು. 2020ರಲ್ಲಿ ಬೆಂಗಳೂರಿನ ಹೊರವಲಯದ ನೆಲದಿಂದಲೇ ಬಿಲ ತೋಡುವ ಕಪ್ಪೆಯೊಂದು ಹೊಸ ಜಾತಿಯಾಗಿ ಎದ್ದು ಬಂತು. ಮಹಾನಗರದ ಮಗ್ಗುಲಲ್ಲೇ ಹೀಗಿದ್ದರೆ, ನಾಗಮಂಗಲದ ಕೆರೆಗಳ ಕೂಗನ್ನು ಇಡೀ ವರ್ಷ ಯಾರಾದರೂ ಧ್ವನಿಮುದ್ರಿಸಿ ಕೇಳುವುದು ವ್ಯರ್ಥ ಕೆಲಸವಾಗಲಾರದು.

ನೀರುಗಪ್ಪೆ ಅಳಿವಿನಂಚಿನ ಜೀವಿಯಲ್ಲ. ಇರಾನಿನಿಂದ ಶ್ರೀಲಂಕಾದವರೆಗೆ ಹಬ್ಬಿರುವ ಈ ಗುಂಪು ಕೊಳಕು ನೀರನ್ನೂ ಒಂದು ಮಟ್ಟಿಗೆ ಸಹಿಸುತ್ತದೆ. ಹಾಗೆಂದೇ ಇದರ ಗೈರುಹಾಜರಿ ಗಂಭೀರ. ಕಪ್ಪೆ ಬಾಯಲ್ಲಿ ನೀರು ಕುಡಿಯುವುದಿಲ್ಲ, ಹೊಟ್ಟೆಯಡಿಯ ತೆಳು ಚರ್ಮದಿಂದ ಹೀರುತ್ತದೆ. ಚರ್ಮದ ಮೂಲಕ ಉಸಿರನ್ನೂ ಆಡುತ್ತದೆ. ಗದ್ದೆಗೆ ಸುರಿದ ವಿಷ ಅದೇ ದಾರಿಯಲ್ಲಿ ಒಳಗೆ ಹೋಗುತ್ತದೆ. ಭತ್ತ, ಕಬ್ಬಿಗೆ ಎರಚುವ ಕೀಟನಾಶಕ ಕೊಚ್ಚಿಕೊಂಡು ಬಂದು ನಿಲ್ಲುವುದೂ ತಗ್ಗಿನ ಅಂಚಿನಲ್ಲೇ. ಸೊಳ್ಳೆ ಮರಿ ತಿನ್ನಲೆಂದು ಕೊಳಗಳಿಗೆ ಬಿಟ್ಟ ಹೊರದೇಶದ ಗ್ಯಾಂಬೂಸಿಯಾ ಮೀನು ಗೊದಮೊಟ್ಟೆಯನ್ನೂ ಬಿಡುವುದಿಲ್ಲ.

ಇವೆಲ್ಲಕ್ಕಿಂತ ಕಣ್ಣಿಗೆ ಕಾಣದಂತೆ ನಡೆಯುತ್ತಿರುವುದು ದಡದ ನಾಶ. ಹೂಳೆತ್ತುವುದು ಒಳ್ಳೆಯ ಕೆಲಸ. ಆದರೆ ಹಿಟಾಚಿ, ಜೆಸಿಬಿಗಳಿಗೆ ಓರೆ ದಡದ ಅರಿವಿಲ್ಲ. ಹಿಂದೆ ಗಾಡಿ ಕಟ್ಟಿ ಗೋಡು ಹೊಡೆಯುತ್ತಿದ್ದ ರೈತ ಅಂಗಳದಿಂದ ತೆಳುವಾಗಿ ಎತ್ತುತ್ತಿದ್ದ, ದಡ ಇಳಿಜಾರಾಗಿಯೇ ಉಳಿಯುತ್ತಿತ್ತು. ಈಗ ಗೋಡೆಯಂತೆ ಕಡಿದ ಗುಂಡಿಗಳು. ನೀರಿನ ಲೆಕ್ಕದಲ್ಲಿ ಲಾಭ, ಅಂಚಿನ ಲೆಕ್ಕದಲ್ಲಿ ಸೊನ್ನೆ. ಮಳೆಗಾಲದಲ್ಲಿ ಕಾಲು ಜಾರಿದ ಮಕ್ಕಳಿಗೂ ದನಗಳಿಗೂ ಮೃತ್ಯುಕೂಪ. ಮಳೆಯಾಶ್ರಿತ ಜಮೀನುಗಳಿಗೆಂದು 2014ರಲ್ಲಿ ಬಂದ ಕೃಷಿ ಭಾಗ್ಯ ಯೋಜನೆಯ ಹೊಂಡಗಳಿಗೆ ನೀರು ಇಂಗದಂತೆ ಪ್ಲಾಸ್ಟಿಕ್ ಹಾಳೆ ಹಾಸುತ್ತಾರೆ. ನೀರಿನ ವಾಸನೆ ಹಿಡಿದು ಬಂದ ಗೂಳಿಕಪ್ಪೆ, ಓತಿಕೇತ, ಅಳಿಲು ಆ ನುಣುಪು ಇಳಿಜಾರಿನಲ್ಲಿ ಜಾರಿದರೆ ಹತ್ತಿ ಬರಲು ಹಿಡಿತವೇ ಇಲ್ಲ.

ಇದಕ್ಕೆ ತದ್ವಿರುದ್ಧವಾದ ಮಾದರಿಯೂ ಇದೆ. ಇದೇ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನ ದಾಸನದೊಡ್ಡಿಯಲ್ಲಿ ಕುರಿ ಮೇಯಿಸುತ್ತಿದ್ದ ಕಾಮೇಗೌಡರು ಕುಂದಿನಿ ಬೆಟ್ಟದಲ್ಲಿ ಸ್ವಂತ ದುಡಿಮೆಯಿಂದ ಕಟ್ಟೆಗಳನ್ನು ತೋಡಿಸಿದರು. 2020ರಲ್ಲಿ ಪ್ರಧಾನಿ ಕಾಮೇಗೌಡರ ಹೆಸರು ಹೇಳಿದ ಮೇಲೆ ಅದು ದೇಶಕ್ಕೆ ಗೊತ್ತಾಯಿತು; 2022ರಲ್ಲಿ ಅವರು ತೀರಿಕೊಂಡರು. ಅವರ ಗಿರಾಕಿಗಳು ಕುರಿ, ಹಕ್ಕಿ, ಕಾಡುಪ್ರಾಣಿ. ಕುರಿ ಇಳಿದು ಕುಡಿಯಬಲ್ಲ ಕಟ್ಟೆಗೆ ಕಪ್ಪೆ ತಾನಾಗಿಯೇ ಬರುತ್ತದೆ.

ಹಾಗಾಗಿ ಈ ಬೇಸಿಗೆಯಲ್ಲಿ ನಿಮ್ಮೂರ ಕೆರೆಗೆ ಯಂತ್ರ ಬಂದರೆ ಪಂಚಾಯಿತಿಯವರಿಗೆ ಒಂದು ಮಾತು ಹೇಳಿ. ಏರಿಯ ಎದುರಿನ ಅಂಗಳದ ಕಡೆ ಒಂದಷ್ಟು ದಡವನ್ನು ಜೊಂಡಿನ ಸಮೇತ ಇಳಿಜಾರಾಗಿಯೇ ಬಿಡಲಿ. ಜಮೀನಿನಲ್ಲಿ ಪ್ಲಾಸ್ಟಿಕ್ ಹಾಸಿದ ಹೊಂಡವಿದ್ದರೆ ಒಂದು ಮೂಲೆಯಲ್ಲಿ ತೆಂಗಿನ ನಾರಿನ ಹಗ್ಗವನ್ನೋ ಹಳೆಯ ಗೋಣಿಯನ್ನೋ ನೀರಿಗೆ ಮುಟ್ಟುವಂತೆ ಇಳಿಬಿಡಿ. ಅದಕ್ಕೆ ಯಾವ ಇಲಾಖೆಯ ಅನುಮತಿಯೂ ಬೇಕಿಲ್ಲ.